ಧ್ರುವದ ಮೇಲೊಂದು ವಿಮಾನದ ಹಾದಿ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ನಡುವೆ ಸುಮಾರು 14,000 ಕಿಲೋಮೀಟರ್ ದೂರವಿದೆ ಎನ್ನುವಾಗ ಲೆಕ್ಕಕ್ಕೆ ಬರುವುದು ಗೋಡೆಯ ಭೂಪಟದ ಮೇಲೆ ಎಳೆದ ನೇರ ಗೆರೆಯಲ್ಲ. ಭೂಗೋಳದ ಮೇಲೆ ಎರಡೂ ಊರುಗಳನ್ನು ಕೂಡಿಸಿ ದಾರವನ್ನು ಬಿಗಿಯಾಗಿ ಹಿಡಿದಾಗ ಮೂಡುವ, ಮಹಾವೃತ್ತದ ಹಾದಿ ಎಂದು ಕರೆಯಲಾಗುವ ಅತಿ ಹತ್ತಿರದ ದಾರಿ. ಈ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ವ್ಯತ್ಯಾಸವಿದ್ದು, ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ದಾರವು ಪೆಸಿಫಿಕ್ ಸಾಗರವನ್ನು ಬಿಟ್ಟು ಆರ್ಕ್ಟಿಕ್ ಪ್ರದೇಶದತ್ತ ಸರಿಯುತ್ತದೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡದೊಂದಿಗೆ ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳಲ್ಲಿ ಬೆಂಗಳೂರು ತಲುಪಿತು. ಹದಿಮೂರೂವರೆ ಗಂಟೆಗಳ ಕಾಲವ್ಯತ್ಯಾಸವೂ ಸೇರಿ ಅದು ಇಳಿದದ್ದು 11ರ ನಸುಕಿನಲ್ಲಾದ್ದರಿಂದ, ಪ್ರಯಾಣಿಕರ ಪಾಲಿಗೆ 10ನೇ ತಾರೀಕು ಆಕಾಶದಲ್ಲೇ ಮುಗಿದುಹೋಯಿತು.

ಅಂತರ ಬದಲಾಗದಿದ್ದರೂ ಹಾರಾಟದ ಅವಧಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಇಂಧನವೂ ಹೊತ್ತೂ ಹೆಚ್ಚು ಹಿಡಿಯುತ್ತವೆ. ಹೀಗಾಗಿ ಹತ್ತಿರದ ಹಾದಿಯೇ ಬೇಗ ತಲುಪಿಸುತ್ತದೆಂದೇನೂ ಇಲ್ಲ. ಟಿಕೆಟ್‌ನಲ್ಲಿ ಕಾಣುವ ಅವಧಿಯಾದರೋ ಗೇಟಿನಿಂದ ಗೇಟಿಗೆ ಹಾಕಿದ ಲೆಕ್ಕವಾಗಿದ್ದು, ರನ್‌ವೇವರೆಗೆ ವಿಮಾನ ನೆಲದ ಮೇಲೆ ಉರುಳುವ ನಿಮಿಷಗಳೂ ಅದರಲ್ಲಿ ಸೇರಿರುತ್ತವೆ.