ದೊಡ್ಡ ತತ್ತಿ, ಚಿತ್ರದ ತತ್ತಿ: ಹಕ್ಕಿ ಕೊಳ್ಳುವ ಮುಂಚೆ ಲೆಕ್ಕ ಹಾಕ್ರಿ

ಆಫ್ರಿಕಾದಾಗ ಉಷ್ಟ್ರಪಕ್ಷಿಯ ಖಾಲಿ ತತ್ತಿಯ ಮೇಲೆ ಆನೆ, ಜಿರಾಫೆ, ಸಿಂಹದ ಚಿತ್ರ ಬಿಡಿಸಿ, ಕಟ್ಟಿಗೆ ಸ್ಟ್ಯಾಂಡಿನ ಮೇಲೆ ಕೂಡಿಸಿ ಪ್ರವಾಸಿಗರಿಗೆ ಮಾರುತ್ತಾರೆ. ಇದನ್ನು ಕಂಡವರು, ಕೇಳಿದವರು ‘ನಾವೂ ಇಂಥ ಹಕ್ಕಿ ಸಾಕಿದರ ಹೆಂಗ?’ ಅಂತಾರ. ಒಣಬೇಸಾಯದ ನಮಗೆ ಉಪಕಸುಬು ಬೇಕೇ ಬೇಕು. ಆದರೆ ಮೊದಲು ತತ್ತಿಯ ಗುಣ ತಿಳಿಯೋಣ.

ತತ್ತಿಯ ಗುಣ

ಉಷ್ಟ್ರಪಕ್ಷಿ ತತ್ತಿ ಒಂದೂವರೆ ಕಿಲೋದ ಆಸುಪಾಸು ತೂಗುತ್ತದೆ. ಎರಡು ಡಜನ್ ಕೋಳಿ ತತ್ತಿಗೆ ಸಮ. ಚಿಪ್ಪು ಕೆನೆಬಣ್ಣ, ಸುಮಾರು 2 ಮಿಲಿಮೀಟರ್ ದಪ್ಪ. ಕಲಹಾರಿ ಒಣನೆಲದ ಸ್ಯಾನ್ ಜನ ಇದರೊಳಗೆ ನೀರು ತುಂಬಿ, ಬಾಯಿ ಮುಚ್ಚಿ, ನೆಲದಾಗ ಹುಗಿದಿಟ್ಟು ನೀರಿಲ್ಲದ ಕಾಲಕ್ಕೆ ತೆಗೆದು ಕುಡಿಯುತ್ತಿದ್ದರು. ಮಳಿ ನಂಬಿ ಬದುಕುವ ನಮಗೆ ಆ ಜಾಣತನ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಕ್ಕಿ ಒಂದು ಕಾಲಕ್ಕೆ ನಮ್ಮ ದೇಶದಾಗೂ ಇತ್ತು. ಮಹಾರಾಷ್ಟ್ರದ ಪಾಟಣೆ ಎಂಬಲ್ಲಿ ಗೆರೆ ಕೊರೆದ ಚಿಪ್ಪಿನ ಚೂರು ಸಿಕ್ಕಿದೆ. ದೇಶದ ಹಳೇ ಚಿಪ್ಪುಗಳನ್ನು 2017ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಪರೀಕ್ಷಿಸಿ, ಅವು ಉಷ್ಟ್ರಪಕ್ಷಿಯವೇ ಎಂದು ತೋರಿಸಿದರು.

ನಮ್ಮ ಕಡೆ ಹೆಚ್ಚು ಸುದ್ದಿ ಮಾಡಿದ್ದು ಆಸ್ಟ್ರೇಲಿಯದ ಎಮು. ಅದರ ತತ್ತಿ ಅರ್ಧ ಕಿಲೋಕ್ಕಿಂತ ತುಸು ಹೆಚ್ಚು, ಬಣ್ಣ ಕಡುಹಸಿರು. ಮೇಲಿನ ಪದರ ಕೆರೆದರೆ ತಿಳಿ ನೀಲಿಹಸಿರು, ಇನ್ನೂ ಕೆರೆದರೆ ಬಿಳುಪು. ಬಣ್ಣ ಹಚ್ಚದೆಯೇ ಮೂರು ಬಣ್ಣದ ಚಿತ್ರ ಏಳುತ್ತದೆ.

ಖಾಲಿ ಮಾಡುವ ಬಗೆ

ತತ್ತಿ ತೊಳೆದು ಬುಡಕ್ಕೆ ಸಣ್ಣ ತೂತು ಕೊರೆಯಬೇಕು. ತಂತಿ ಹಾಕಿ ಒಳಗಿನದನ್ನು ಕಲಕಬೇಕು. ಸಣ್ಣ ನಳಿಗೆಯಿಂದ ಗಾಳಿ ಊದಿದರೆ ಲೋಳೆ ಹೊರಗೆ ಬರುತ್ತದೆ. ಒಳಗೆ ನೀರು ಕುಲುಕಿ ತೊಳೆದು, ಬೋರಲು ಇಟ್ಟು ಪೂರ್ತಿ ಒಣಗಿಸಬೇಕು. ಹಸಿ ಉಳಿದರೆ ನಾರುತ್ತದೆ. ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಚಿಪ್ಪಿನ ಧೂಳು ಎದೆಗೆ ಒಳ್ಳೇದಲ್ಲ.

ತತ್ತಿ ತಾನಾಗಿ ನಿಲ್ಲದು. ಕೊಡಕ್ಕೆ ಸಿಂಬಿ ಬೇಕಾದಂತೆ ಇದಕ್ಕೆ ಸ್ಟ್ಯಾಂಡ್ ಬೇಕು. ಕಟ್ಟಿಗೆಯಲ್ಲಿ ಆಕಾರ ಎಬ್ಬಿಸುವ ಕೈ ನಮ್ಮ ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳದಾಗ ಐತಿ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಸೆಣಬಿನ ಚಿಂದಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕೂಡಿಸಿದ ಕಿಟ್ಟ ಬಳಿದು, ಮೇಲೆ ಬಣ್ಣ ಕೊಡುತ್ತಾರೆ. ಒಂದು ಗರುಡನಿಗೆ 12 ಬಿಡಿಭಾಗ. ಈ ಕಲೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಸ್ಟ್ಯಾಂಡಿಗೆ ಜಿರಾಫೆಯೇ ಆಗಬೇಕೆಂದಿಲ್ಲ, ನಮ್ಮ ಗಿಳಿ, ಆನೆ ಸಾಕು.

ಲೆಕ್ಕ ತಪ್ಪುವುದು ಎಲ್ಲಿ?

2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ಎಮು ಕಂಪನಿ ಮುಳುಗಿ ಸಾವಿರಾರು ಜನ ಠೇವಣಿ ಕಳಕೊಂಡರು. ಯಾಕೆ? ಮಾಂಸ, ಎಣ್ಣೆ, ಚರ್ಮಕ್ಕೆ ಗಟ್ಟಿ ಪೇಟೆ ಇರಲಿಲ್ಲ. ಮರಿಯ ಬೆಲೆ ನಿಂತದ್ದು ಮರಿ ಕೊಳ್ಳುವ ಮುಂದಿನ ರೈತನ ಮೇಲೆ. ಅವನು ನಿಂತ ದಿನ ಎಲ್ಲವೂ ನಿಂತಿತು. ಹಕ್ಕಿಯ ಹೊಟ್ಟೆ ಮಾತ್ರ ನಿಲ್ಲಲಿಲ್ಲ.

ಚಿತ್ರದ ತತ್ತಿಯಿಂದ ಆ ನಷ್ಟ ತುಂಬೀತೇ? ಮರಿ ಆಗುವ ತತ್ತಿ ಒಡೆಯುತ್ತದೆ. ಚಿತ್ರಕ್ಕೆ ಉಳಿಯುವುದು ಮರಿಯಾಗದ ತತ್ತಿ ಅಷ್ಟೇ. ಎಮು ನಮ್ಮಲ್ಲಿ ಚಳಿಗಾಲದಾಗ ತತ್ತಿ ಇಡುತ್ತದೆ, ಮೇವು ಮಾತ್ರ ಹನ್ನೆರಡು ತಿಂಗಳು ಬೇಕು. ಚಿತ್ರದ ತತ್ತಿಗೆ ಬರುವ ಬೆಲೆ ಬಹುಪಾಲು ಕೈಕೆಲಸದ್ದು, ಹಕ್ಕಿಯದಲ್ಲ. ಆದ್ದರಿಂದ ಆಸಕ್ತಿ ಇದ್ದವರು ಹಕ್ಕಿ ಕೊಳ್ಳಬೇಡಿ, ಕೈ ಕಲಿಯಿರಿ. ಕಲಿಯಲು ಹಿತ್ತಲಿನ ಒಣ ಸೋರೆಬುರುಡೆ, ತೆಂಗಿನ ಚಿಪ್ಪು ಸಾಕು. ಒಡೆದರೆ ನಷ್ಟವಿಲ್ಲ.

ಯಾರಾದರೂ ದೊಡ್ಡ ಹಕ್ಕಿ ಮಾರಲು ಬಂದರೆ ಮೂರು ಪ್ರಶ್ನೆ ಕೇಳಿ: ತತ್ತಿ ಕೊಳ್ಳುವವರು ಯಾರು? ವರ್ಷಕ್ಕೆ ಎಷ್ಟು? ಮುದಿ ಹಕ್ಕಿ ಯಾರು ಒಯ್ಯುತ್ತಾರೆ? ಉತ್ತರ ಬರಹದಲ್ಲಿ ಇರಲಿ. ಮರಿ ಮಾರುವವನೇ ಮೂರಕ್ಕೂ ಉತ್ತರವಾದರೆ ಕೈಮುಗಿದು ಕಳಿಸಿ.

ಎಚ್ಚರಿಕೆ

ಹೊಲದ ಬದುವಿನಲ್ಲಿ ಸಿಗುವ ನವಿಲಿನ ತತ್ತಿ, ಎರಿಯ ಎರೆಭೂತದ ತತ್ತಿ ಚಂದ ಅಂತ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅಂಥ ತತ್ತಿ ತೆಗೆಯುವುದೂ ಬೇಟೆಯೇ, ಜೈಲು ಶಿಕ್ಷೆ ಇದೆ. ಮಕ್ಕಳಿಗೂ ಹೇಳಿ. ಗೂಡು ಕಂಡರೆ ಅಷ್ಟು ಜಾಗ ಬಿಟ್ಟು ಎಡೆ ಹೊಡೆಯಿರಿ.