ಹಳೇ ಗಾಡಿ ಪಾಸ್ ಆಗಂಗಿಲ್ಲ ಅನ್ನೋ ಮಾತು

ಘೋಡಗೇರಿಯಲ್ಲಿ ನಮ್ಮ ಕಾಕಾ ತಗಡಿನ ಶೆಡ್ಡಿನಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದಾರೆ. ಊರಿನವರ ಬಾಯಲ್ಲಿ ಅದು ಇವತ್ತಿಗೂ ‘ಫಿಯಾಟ್’. ಕೆಎ ಎಂದು ಶುರುವಾಗುವ ನಂಬರ್ ಬರುವುದಕ್ಕೆ ಮೊದಲಿನ ಗಾಡಿ, ಮೂರಕ್ಷರದ ಪ್ಲೇಟು. 2024ರಲ್ಲಿ ಅದರ ಆರ್‌ಸಿ ಅವಧಿ ಮುಗಿದಾಗ ಕಟ್ಟೆ ಮೇಲೆ ಕೂತವರೆಲ್ಲ ಒಂದೇ ಮಾತು: “ನಲವತ್ತ ವರ್ಷದ ಗಾಡಿರಿ ಕಾಕಾ, ಪಾಸಿಂಗ್ ಆಗಂಗಿಲ್ಲ. ಗುಜರಿಗಿ ಕೊಟ್ಟಬಿಡ್ರಿ.”

ಹೀಗೆ ಹೇಳುವವರ ತಲೆಯಲ್ಲಿ ಎರಡು ಮೂರು ಸಂಗತಿ ಕಲಸಿಹೋಗಿರುತ್ತವೆ. ವರ್ಷಾ ವರ್ಷಾ ಪಾಸಿಂಗ್ ಮಾಡಿಸಬೇಕಾದದ್ದು ಹಳದಿ ಬೋರ್ಡಿನ ಗಾಡಿಗೆ, ಅದೂ ಎಂಟು ವರ್ಷ ದಾಟಿದ ಮೇಲೆ. ಅಲ್ಲಿಯತನಕ ಎರಡು ವರ್ಷಕ್ಕೊಮ್ಮೆ. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಮೊದಲ ನೋಂದಣಿಯೇ ಹದಿನೈದು ವರ್ಷದ್ದು. ಆಮೇಲೆ ಐದೈದು ವರ್ಷಕ್ಕೊಮ್ಮೆ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ನವೀಕರಿಸಿಕೊಳ್ಳಬೇಕು. ಕಾಕಾನ ಫಿಯಾಟ್ 1999ರಿಂದ ಹೀಗೇ ನಡೆದುಬಂದದ್ದು.

‘ಹದಿನೈದು ವರ್ಷಕ್ಕೆ ಗುಜರಿ’ ಅನ್ನುವುದು ದಿಲ್ಲಿಯ ಸುದ್ದಿ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳನ್ನು ತಡೆಯುವ ಆದೇಶ ಹೊರಟದ್ದು ರಾಜಧಾನಿ ಪ್ರದೇಶಕ್ಕೆ. ಗೋಕಾಕದ ಕೆಎ 49ಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಕಾಯ್ದೆಗಿಂತ ಮೊದಲು ಕಚ್ಚುವುದು ಶುಲ್ಕ. 2022ರ ಏಪ್ರಿಲ್‌ತನಕ 600 ರೂಪಾಯಿ ಇದ್ದ ಕಾರಿನ ನವೀಕರಣ 5,000ಕ್ಕೆ ಏರಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ತಡ ಮಾಡಿದರೆ ತಿಂಗಳಿಗೆ 500 ದಂಡ. ಕಾಕಾ ನಾಲ್ಕು ತಿಂಗಳು ‘ನಾಳೆ ನಾಳೆ’ ಅಂದದ್ದಕ್ಕೆ ಎರಡು ಸಾವಿರ ತೆತ್ತರು.

ಇನ್ನು ವಯಸ್ಸಾದ ಗಾಡಿ ಫೇಲ್ ಆಗಿಯೇ ತೀರುತ್ತದೆ ಎಂಬ ಮಾತು. ಇದಕ್ಕೆ ಒಳ್ಳೆಯ ಲೆಕ್ಕ ಸಿಗುವುದು ಬ್ರಿಟನ್ನಿನಲ್ಲಿ, ಯಾಕೆಂದರೆ ಅಲ್ಲಿ ಸ್ವಂತ ಕಾರಿಗೂ ಮೂರು ವರ್ಷದ ನಂತರ ಪ್ರತಿ ವರ್ಷ ಪರೀಕ್ಷೆ. 2009ರಲ್ಲಿ 1960ಕ್ಕಿಂತ ಹಳೆಯ ಗಾಡಿಗಳಲ್ಲಿ ಮೊದಲ ಸಲಕ್ಕೇ ಫೇಲಾದವು ನೂರಕ್ಕೆ ಹತ್ತಕ್ಕೂ ಕಡಿಮೆ. ಅದಕ್ಕಿಂತ ಹೊಸವುಗಳಲ್ಲಿ ಮೂವತ್ತಕ್ಕೂ ಹೆಚ್ಚು! ಇದನ್ನೂ ನೋಡಿಯೇ ಅಲ್ಲಿನ ಸರಕಾರ 2012ರಲ್ಲಿ ಆ ಹಳಬರಿಗೆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡಿಸದ ಎಲ್ಲ ಕಾರಿಗೂ ಅದು ಸಿಕ್ಕಿತು. ಹಾಗಂತ ‘ಲಂಡನ್ನಿನಾಗ ಹಳೇ ಗಾಡೀನ ಯಾರೂ ಕೇಳಂಗಿಲ್ಲ’ ಅನ್ನುವಂತಿಲ್ಲ. ಬ್ರೇಕ್ ಹಿಡಿಯದ ಗಾಡಿ ರಸ್ತೆಗಿಳಿಸಿದರೆ ಅಲ್ಲಿಯೂ ಮಾಲೀಕನೇ ಹೊಣೆ.

ಹಳೇ ಗಾಡಿ ಅಷ್ಟು ಚೆನ್ನಾಗಿ ಪಾಸಾಗುವುದು ಯಜಮಾನ ದಿನಾ ಒರೆಸಿ, ಆಗಾಗ ಓಡಿಸಿ ಜೋಪಾನ ಮಾಡಿದ್ದರಿಂದ. ನಮ್ಮಲ್ಲಿ ಅದನ್ನು ಕೆಡಿಸುವುದು ಶೆಡ್ಡು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಆರು ತಿಂಗಳು, ವರ್ಷ ನಿಂತಲ್ಲೇ ನಿಂತರೆ ವ್ಹೀಲ್ ಸಿಲಿಂಡರ್ ಒಳಗೆ ತುಕ್ಕು ಕೂತು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫಿಯಾಟಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಅದರಲ್ಲಿ ಒಂದು ಸತ್ತರೂ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಇನ್‌ಸ್ಪೆಕ್ಟರಿಗೆ ಅದು ಹತ್ತು ಮಾರು ದೂರದಿಂದಲೇ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ನೀರು ಕುಡಿದ ಗಾಡಿಗಳ ಕಥೆ ಇನ್ನೂ ಬೇರೆ: ಮೇಲೆ ಹೊಸ ಬಣ್ಣ ಮಿಂಚುತ್ತಿರುತ್ತದೆ, ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಊರಿದರೆ ಕರಿದ ಹಪ್ಪಳ.

ಹೊಗೆ ತಪಾಸಣೆಗೆ ಜನ ಸುಮ್ಮನೆ ಹೆದರುತ್ತಾರೆ. ಬಿಎಸ್-6 ಬಂದಿದೆ, ಹಳೇದು ಹೇಗೆ ಪಾಸಾದೀತು ಎಂದು. ಗಾಡಿಯನ್ನು ಅಳೆಯುವುದು ಅದರ ಕಾಲದ ಅಳತೆಯಲ್ಲಿ. ಪದ್ಮಿನಿಯಂಥ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3ರತನಕ ಸರಿ. ಬಿಎಸ್-2 ಕಾರಿಗೆ ಅದೇ ಶೇಕಡಾ 0.5 ಮಾತ್ರ. ಕಾರ್ಬ್ಯುರೇಟರ್ ಹದವಾಗಿದ್ದರೆ ದಾಟುವುದು ಕಷ್ಟವಲ್ಲ. ನಿಜವಾಗಿ ಚಿಂತೆ ಮಾಡಬೇಕಾದದ್ದು ಪೆಟ್ರೋಲಿನಲ್ಲಿ ಬೆರೆತ ಎಥನಾಲ್. ಹಳೇ ಕಾಲದ ರಬ್ಬರ್ ಪೈಪು ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ನಮ್ಮ ಸೀಮೆಯ ಕಬ್ಬೇ ಕಾರ್ಖಾನೆ ಹೊಕ್ಕು ತಿರುಗಿ ಬಂದು ನಮ್ಮದೇ ಪೈಪು ತಿನ್ನುತ್ತದೆ ನೋಡಿ. ಪೈಪು ಬದಲಿಸುವುದು ದೊಡ್ಡ ಖರ್ಚೇನಲ್ಲ.

ದೊಡ್ಡದು ಕಾಗದದ ತೊಡಕು. ಪೆಟ್ರೋಲ್ ದುಬಾರಿಯಾಯಿತೆಂದು ಎಷ್ಟೋ ಅಂಬಾಸಡರ್, ಜೀಪುಗಳಿಗೆ ಹಿಂದೊಮ್ಮೆ ಡೀಸೆಲ್ ಎಂಜಿನ್ ಕೂರಿಸಿದರು. ಆರ್‌ಸಿಯಲ್ಲಿ ಇನ್ನೂ ‘ಪೆಟ್ರೋಲ್’. ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಮೊದಲೇ ಅನುಮತಿ ಬೇಕು. ಹೀಗಿರುವ ಗಾಡಿ ಬಾಣದಂತೆ ಓಡಲಿ, ನಂಬರ್ ತಾಳೆಯಾಗದೆ ವಾಪಸ್ ಬರುತ್ತದೆ. ಮಗನ ಕೈಗೆ ಗಾಡಿ ಬಂದಾಗ ಅಪ್ಪ ಯಾವಾಗ ಏನು ಹಾಕಿಸಿದ್ದ ಅನ್ನುವುದೇ ಗೊತ್ತಿರುವುದಿಲ್ಲ.

ಐವತ್ತು ತುಂಬಿದರೆ ವಿಂಟೇಜ್ ಮಾಡಿಸಿದರಾಯಿತು ಎನ್ನುವವರೂ ಇದ್ದಾರೆ. 2021ರ ಜುಲೈಯ ನಿಯಮ ಹಾಗೆ ಅವಕಾಶ ಕೊಟ್ಟಿದೆ: ‘ವಿಎ’ ಅಕ್ಷರದ ಪ್ಲೇಟು, ಹತ್ತು ವರ್ಷದ ನೋಂದಣಿ, ಶುಲ್ಕ 20,000. ಆದರೆ ಆಮೇಲೆ ಆ ಗಾಡಿ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆಂದು ಮಾತ್ರ ರಸ್ತೆಗಿಳಿಯಬೇಕು. ಹುಕ್ಕೇರಿ ಸಂತೆಗೆ ಒಯ್ಯುವಂತಿಲ್ಲ. “ಹಂಗಾದ್ರ ಗಾಡಿ ಯಾಕ ಬೇಕೋ ತಮ್ಮಾ,” ಅಂದರು ಕಾಕಾ.

ಅವರ ಫಿಯಾಟ್ ಮೊದಲ ದಿನ ಪಾಸಾಗಲಿಲ್ಲ. ಎಡಗಡೆ ಹೆಡ್‌ಲೈಟ್ ಎಣ್ಣೆ ದೀಪದ ಹಾಗೆ ಉರಿಯುತ್ತಿತ್ತು. ಬಲ್ಬು ಬದಲಿಸಿದರೂ ಅಷ್ಟೇ. ಕೊನೆಗೆ ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿ, ಕೆಳಗಿನ ತುಕ್ಕನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದಾಗ ಬೆಳಕು ಬೆಳ್ಳಗಾಯಿತು. ಎರಡನೇ ಸಲ ಹೋದಾಗ ಚಾಸಿ ನಂಬರಿನ ಅಚ್ಚು ಬೇಕಿತ್ತು. ಕಾಕಾ ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರು. ಅಂಕಿಗಳು ಒಂದೊಂದಾಗಿ ಮೂಡಿದವು. ಆರ್‌ಸಿ ಪಕ್ಕ ಹಿಡಿದು ಬೆರಳಿಟ್ಟು ಎರಡು ಸಲ ಓದಿ, ಕಾಗದವನ್ನು ಜುಬ್ಬದ ಜೇಬಿಗಲ್ಲ, ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಸಾಲಿನಲ್ಲಿ ನಿಂತರು.