ರಸ್ತೆಯ ಹುರುಳಿ, ಎಂಜಿನ್ ಲೈಟು, ಒಂದೂವರೆ ತಿಂಗಳ ಸಂಬಳ

ಸುಗ್ಗಿಯಲ್ಲಿ ನಂಜನಗೂಡಿನಿಂದ ತಿ. ನರಸೀಪುರದ ಕಡೆ ಕಾರು ಓಡಿಸಿದವರಿಗೆ ಗೊತ್ತು, ಅಲ್ಲಿ ರಸ್ತೆಯೇ ಕಣ. ಹುರುಳಿ ಗಿಡ ಹರಡಿರ್ತಾರೆ, ಒಕ್ಕಣೆ ಮಾಡೋದು ನಮ್ಮ ಚಕ್ರ. ಕಳೆದ ಜನವರಿಯಲ್ಲಿ ಸುತ್ತೂರು ದಾಟಿದ ಮೇಲೆ ನಾನೂ ಅದರ ಮೇಲೇ ಹೋದೆ. ಸ್ವಲ್ಪ ದೂರಕ್ಕೆ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಕಾರಿನಡಿ ಸಿಕ್ಕಿಕೊಂಡ ಹುರುಳಿ ಹೊಗೆಯಾಡ್ತಿದೆ! ಎಂಜಿನ್ ಆಫ್ ಮಾಡಿ, ಕೋಲಲ್ಲಿ ಎಳೆದು ಹಾಕಿದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಚೆಕ್ ಎಂಜಿನ್ ಲೈಟು ಆರಲೇ ಇಲ್ಲ.

ಪರಿಚಯದ ಗ್ಯಾರೇಜಿಗೆ ಫೋನ್ ಮಾಡಿದೆ. "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು." ಹೇಳಿದ ರೇಟು ನನ್ನ ಒಂದೂವರೆ ತಿಂಗಳ ಸಂಬಳ! "ಕತ್ತರಿಸಿ ಬರೀ ಪೈಪ್ ಹಾಕಿಸು" ಅಂದ ಗೆಳೆಯ.

ಕನ್ವರ್ಟರ್ ಅಂದರೆ ಸೈಲೆನ್ಸರಿಗೂ ಮುಂಚೆ ಬರುವ ಡಬ್ಬಿ. ಒಳಗೆ ಜೇನುಗೂಡಿನಂಥ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ದುಬಾರಿ ಆಗೋದು ಅದಕ್ಕೇ. ಕಾರ್ಬನ್ ಮೊನಾಕ್ಸೈಡಿನಂಥ ವಿಷವನ್ನು ಕಡಿಮೆ ಮಾಡುವ ಈ ಡಬ್ಬಿ ಕೆಲಸ ಮಾಡುವಾಗ 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯುತ್ತದೆ. ಒಣ ಹುರುಳಿಗೆ ಅಷ್ಟು ಸಾಕು. ಕತ್ತರಿಸಿ ಹಾಕಿದರೆ ಆ ವಿಷವನ್ನು ಉಸಿರಾಡೋರು ನಾವೇ.

ತಿ. ನರಸೀಪುರದ ಮೆಕ್ಯಾನಿಕ್ ಅಣ್ಣ ಮಾತಾಡೋಕೆ ಮೊದಲು ಸ್ಕ್ಯಾನರ್ ಚುಚ್ಚಿದರು. ಪಿ0141. "ಇದು ಕನ್ವರ್ಟರ್ ಕೋಡಲ್ಲ ಸಾರ್. ಹಿಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಲೈನು." ಕಾರೆತ್ತಿ ನೋಡಿದರೆ, ಬೆಂಕಿಗೆ ಸೆನ್ಸರಿನ ವೈರು ಕರಗಿತ್ತು. ವೈರು ಸರಿಮಾಡಿ, ಶಾಖ ತಡೆಯೋ ಸ್ಲೀವ್ ಹಾಕಿ, ಕೋಡ್ ಅಳಿಸಿದರು.

"ಈಗ ಕನ್ವರ್ಟರ್ ನೋಡಣ" ಅಂತ ಎಂಜಿನ್ ಬಿಸಿಯಾದ ಮೇಲೆ ಎರಡೂ ಸೆನ್ಸರಿನ ಗೆರೆ ಪರದೆಯಲ್ಲಿ ತೋರಿಸಿದರು. ಮುಂದಿನದು ಏರಿಳೀತಿತ್ತು, ಹಿಂದಿನದು ನಿಂತಂತಿತ್ತು. ಡಬ್ಬಿ ಕೆಲಸ ಮಾಡ್ತಿದೆ ಅಂತರ್ಥ. ಹಿಂದಿನದೂ ಮುಂದಿನದರ ಹಾಗೇ ಕುಣಿದರೆ ಮಾತ್ರ ಅನುಮಾನ.

ನಿಮಗೂ ಹೀಗಾದರೆ ಮೊದಲು ಕೋಡ್ ಕೇಳಿ. ಪಿ0420 ಬಂದರೂ ಕೂಡಲೇ ದುಡ್ಡು ಬಿಚ್ಚಬೇಡಿ; ಸೈಲೆನ್ಸರ್ ಪೈಪಿನ ಸೋರಿಕೆ, ಹಾಳಾದ ಸೆನ್ಸರ್ ಇದ್ದರೂ ಅದೇ ಕೋಡ್ ಬರಬಹುದು. ಎಂಜಿನ್ ಮಿಸ್ ಹೊಡೀತಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಉರಿಯದ ಪೆಟ್ರೋಲು ಡಬ್ಬಿಯೊಳಗೆ ಹೋಗಿ ಉರಿದರೆ ಹೊಸ ಜೇನುಗೂಡೂ ಕರಗುತ್ತೆ. ಏರಿನಲ್ಲಿ ಕಾರು ಎಳೆಯದಿದ್ದರೆ, ಆರಿದ ಡಬ್ಬಿ ತಟ್ಟಿದಾಗ ಒಳಗೆ ಗಲಗಲ ಅಂದರೆ, ಆಗ ನಿಜಕ್ಕೂ ಡಬ್ಬಿ ಪರೀಕ್ಷೆ ಮಾಡಿಸಿ.

ನನಗಾದ ಖರ್ಚು ಒಂದು ಭಾನುವಾರದ ಹೋಟೆಲ್ ಊಟದಷ್ಟು. ವಾಪಸ್ ಬರುವಾಗ ಅದೇ ಹುರುಳಿ ಇನ್ನೂ ರಸ್ತೆಯಲ್ಲೇ ಇತ್ತು. ಈ ಸಲ ನಿಲ್ಲಿಸಿದೆ. ಹೊಲದ ಅಜ್ಜಿ ಕವೆಗೋಲಲ್ಲಿ ಒಂದು ಚಕ್ರದ ದಾರಿ ಬಿಡಿಸಿಕೊಟ್ಟು, "ನಿಧಾನಕ್ಕೆ ಹೋಗಪ್ಪ" ಅಂದರು.